ರೇಷ್ಮಕ್ಕನ ಹಾಸ್ಟೆಲ್ಲು

ಹುಳದ ಬಾಯಲ್ಲಿ ಮಾತಾಡಿಸಿದರೆ ಸಂಸಾರ ಕೆಡುತ್ತದೆ ಎಂದು ಹಿರಿಯರು ಎಲ್ಲೂ ಹೇಳಿಲ್ಲ. ಹೇಳಿದ್ದರೆ ಮೇಲಿನಕುಂಟೆಯ ಸರ್ಕಾರಿ ಶಾಲೆಯ ರಾಮಾಂಜಿನಪ್ಪ ಮೇಷ್ಟ್ರು ಖಂಡಿತ ಕೇಳುತ್ತಿದ್ದರು. ಹಿರಿಯರ ಮಾತು, ಮೇಲಿನವರ ಸುತ್ತೋಲೆ, ಹೆಂಡತಿಯ ಗೊಣಗಾಟ, ಯಾವುದನ್ನೂ ಮೀರಿದವರಲ್ಲ ಅವರು. ಎಲ್ಲವೂ ಒಂದೇ ದಿನ ಬೇರೆ ಬೇರೆ ದಿಕ್ಕಿಗೆ ಎಳೆದಾಗ ಮಾತ್ರ ನಡುವೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು. ಅವರು ಹಾಗೆ ತಲೆ ಕೆರೆದುಕೊಂಡು ನಿಂತಾಗ ಮನೆಯಲ್ಲಿ ಏನಾದರೂ ಒಂದು ಕೆಡುವುದು ವಾಡಿಕೆ.

ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮಾರನೇ ವರ್ಷ. ಹೊಸ ಜಿಲ್ಲೆಗೆ ಹೊಸ ಸೊಸೆಯ ಹುರುಪು, ಎಲ್ಲವನ್ನೂ ಮಾಡಿ ತೋರಿಸಬೇಕು. ಶಿಕ್ಷಕರಿಗೆಲ್ಲ ತರಬೇತಿ ನಡೆಯಿತು. ತರಬೇತಿ ಕೊಡಲು ಬಂದಿದ್ದ ದಪ್ಪ ಕನ್ನಡಕದ ಮಹನೀಯರು, "ಟೀವಿಯಲ್ಲಿ ಬೆಕ್ಕು, ಇಲಿ ಮಾತಾಡಿದರೆ ಮಕ್ಕಳು ಊಟ ಬಿಟ್ಟು ನೋಡುತ್ತವೆ. ನೀವು ಮಾತಾಡಿದರೆ ನಿದ್ದೆ ಮಾಡುತ್ತವೆ. ಆದ್ದರಿಂದ ನೀವು ಸುಮ್ಮನಿದ್ದು ಪ್ರಾಣಿಗಳನ್ನು ಮಾತಾಡಿಸಿ" ಎಂದರು. ಕೊನೆಗೆ ಕಲಿಕೋಪಕರಣಗಳ ಮೇಳ ಇದೆ, ಒಳ್ಳೆಯದನ್ನು ತಂದವರಿಗೆ ಪ್ರಶಸ್ತಿ ಇದೆ ಎಂದೂ ಹೇಳಿದರು. ಇಪ್ಪತ್ತು ವರ್ಷ ಮಕ್ಕಳನ್ನು ನಿದ್ದೆ ಮಾಡಿಸಿದ ಅನುಭವವಿದ್ದ ರಾಮಾಂಜಿನಪ್ಪ ಮೇಷ್ಟ್ರಿಗೆ ಆ ಮಾತು ನೇರ ಎದೆಗೆ ನಾಟಿತು.

ಯಾವ ಪ್ರಾಣಿ? ಗೌರಿಬಿದನೂರಿನ ಮೇಡಂ ಒಬ್ಬರು ಆಗಲೇ ಆನೆ ಹಿಡಿದಿದ್ದರು. ಚಿಂತಾಮಣಿಯವರು ನರಿಯನ್ನು ಬಿಟ್ಟುಕೊಡಲಿಲ್ಲ. ಉಳಿದ ಮೊಲಕ್ಕೆ ಮೂವರು ಜಗಳಾಡುತ್ತಿದ್ದರು. ಮೇಷ್ಟ್ರು ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿಕೊಂಡು ಯೋಚಿಸುತ್ತ ಬಂದರು. ಬಸ್ಸಿನ ತುಂಬ ರೇಷ್ಮೆ ಗೂಡಿನ ವಾಸನೆ. ಗೂಡು ಮಾರಿ ಬರುತ್ತಿದ್ದ ರೈತರ ಖಾಲಿ ಚೀಲಗಳು ಅವರ ಕಾಲ ಕೆಳಗೇ ಬಿದ್ದಿದ್ದವು. ಊರು ಬರುವ ಹೊತ್ತಿಗೆ ರೇಷ್ಮಕ್ಕ ಹುಟ್ಟಿದ್ದಳು.

ರೇಷ್ಮಕ್ಕ ಒಂದು ರೇಷ್ಮೆ ಹುಳು. ಲಂಗ ಜಾಕೀಟು ತೊಟ್ಟು, ಎರಡು ಜಡೆ ಹಾಕಿಕೊಂಡು, ಹಿಪ್ಪುನೇರಳೆ ಸೊಪ್ಪಿನ ಶಾಲೆಗೆ ಹೋಗುವ ಹುಳು. ಬೆಳೆಯುವಾಗ ನಾಲ್ಕು ಸಲ ಜ್ವರ ಬಂದು ಮಲಗುತ್ತಾಳೆ. ಹುಳು ಪೊರೆ ಬಿಡಲು ಮಲಗುವುದನ್ನು ನಮ್ಮ ಕಡೆ ಮೊದಲಿಂದಲೂ ಜ್ವರ ಅಂತಲೇ ಕರೆಯುವುದರಿಂದ ಮೇಷ್ಟ್ರಿಗೆ ಅಲ್ಲಿ ಶ್ರಮವೇ ಆಗಲಿಲ್ಲ. ಜ್ವರ ಬಿಟ್ಟ ಮೇಲೆ ತನ್ನ ಮನೆ ತಾನೇ ಕಟ್ಟಿಕೊಳ್ಳುತ್ತಾಳೆ. ಕೊನೆಗೆ ರೆಕ್ಕೆ ಬಂದು, "ಈಗ ನಾನು ಹಾರುತ್ತೇನೆ, ನೀವೂ ಓದಿ ಹಾರಿ" ಎಂದು ಆಕಾಶಕ್ಕೆ ಹೋಗುತ್ತಾಳೆ. ನಡುವೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ಒಂದು ಸಣ್ಣ ವಿಷಯವಿತ್ತು. ಮಕ್ಕಳ ಮನಸ್ಸಿಗೆ ನೋವಾಗುವುದು ಬೇಡ ಎಂದು ಮೇಷ್ಟ್ರು ಅದನ್ನು ಬಿಟ್ಟರು.

ರೇಷ್ಮಕ್ಕನ ಪಾತ್ರಕ್ಕೆ ಮೂರನೇ ಕ್ಲಾಸಿನಲ್ಲಿದ್ದ ಸ್ವಂತ ಮಗಳು ಶಿರೀಷಾಳನ್ನೇ ಹಾಕಿಕೊಂಡರು. ಹುಳದ ದನಿಯಲ್ಲಿ ಹೇಗೆ ಮಾತಾಡಬೇಕೆಂದು ತೋರಿಸಲು ತಾವೇ ಮೂಗಿನಿಂದ ಸಣ್ಣಗೆ ಕೀರಲು ದನಿ ತೆಗೆಯುತ್ತಿದ್ದರು. ಮನೆಯಲ್ಲಿ ಅವರ ತಾಯಿ ಮುನಿಗಂಗಮ್ಮ ಅದನ್ನು ಕೇಳಿ, ತೆಲುಗು ಬೆರೆಸಿ, "ಏಮಿರಾ ಇದಿ, ಅಂಜಿನಪ್ಪ, ಗಂಟಲಿಗೆ ಏನಾರ ಸಿಕ್ಕಾಕ್ಕೊಂಡಿದ್ಯಾ" ಎಂದು ಬೆನ್ನಿಗೆ ಗುದ್ದಿದರು.

ಮೇಳದಲ್ಲಿ ಆನೆ, ನರಿ, ಮೊಲ ಎಲ್ಲ ಮಣ್ಣು ಮುಕ್ಕಿದವು. ಪ್ರಶಸ್ತಿ ರೇಷ್ಮಕ್ಕನಿಗೆ ಬಂತು. ಆ ಕಡೆಯ ಶಾಲೆಗಳ ಉಸ್ತುವಾರಿ ನೋಡುವ ಸಂಪನ್ಮೂಲ ವ್ಯಕ್ತಿ ಅಂಬರೀಶ್ ವೇದಿಕೆಯ ಮೇಲೇ ಅವರ ಕೈ ಕುಲುಕಿ, "ಸಾರ್, ದೊಡ್ಡ ಸಾಹೇಬರು ಬೆಂಗಳೂರಿಂದ ನಿಮ್ ಸ್ಕೂಲಿಗೇ ಬರ್ತಾರಂತೆ. ರಾಜ್ಯ ಮಟ್ಟ ಸಾರ್, ಇನ್ನೇನ್ ಬೇಕು" ಎಂದ. ಮೇಷ್ಟ್ರಿಗೆ ಆ ರಾತ್ರಿ ಊಟ ಸೇರಲಿಲ್ಲ.

ಈಗ ಅವರ ಹೆಂಡತಿ ಶ್ಯಾಮಲಮ್ಮನ ವಿಷಯ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಶ್ಯಾಮಲಮ್ಮ ಹುಳು ಸಾಕುವವಳು. ಅತ್ತೆ ಮುನಿಗಂಗಮ್ಮನ ಕಾಲದಲ್ಲಿ ಆ ಮನೆಯ ಗೂಡಿಗೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹೆಸರಿತ್ತು. ಸೊಸೆಯ ಕೈಗೆ ಬಂದ ಮೇಲೆ ಒಂದು ಬೆಳೆ ಸಪ್ಪೆ ರೋಗಕ್ಕೆ ಹೋಯಿತು, ಇನ್ನೊಂದು ಸುಣ್ಣಕಟ್ಟು ಬಂದು ಹೋಯಿತು. ಮುನಿಗಂಗಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೀರಿನ ಟ್ಯಾಂಕಿನ ಹತ್ತಿರ ನಾಲ್ಕು ಹೆಂಗಸರ ಮುಂದೆ, "ಏನ್ ಮಾಡೋದು, ಒಬ್ಬೊಬ್ಬರಿಗೆ ಕೈಗುಣ ಇರಲ್ಲ" ಎಂದರು. ಅಷ್ಟೇ ಮಾತು. ಅಂದಿನಿಂದ ಊರಿನಲ್ಲಿ ಯಾರ ಮನೆಗೆ ಹೊಸ ಹುಳು ತಂದರೂ ಶ್ಯಾಮಲಮ್ಮ ಆ ಬೀದಿಗೆ ಹೋಗುತ್ತಿರಲಿಲ್ಲ. ಹೋದರೆ ಅವರು ಬಾಗಿಲು ಎಳೆದುಕೊಳ್ಳುತ್ತಿದ್ದರು.

ಈ ಬೆಳೆಗೆ ಅವಳು ಹಟ ಹಿಡಿದಿದ್ದಳು. ಹೊಸದಾಗಿ ಕಟ್ಟಿಸಿದ ಹುಳು ಮನೆಗೆ ತಾನೇ ಸುಣ್ಣ ಬಳಿದಳು. ಸ್ನಾನ ಮಾಡದೆ ಒಳಗೆ ಕಾಲಿಡಲಿಲ್ಲ. ಸೀಮೆಸುಣ್ಣದ ಪುಡಿ ಮೈಗಂಟಿಸಿಕೊಂಡು ಬರುವ ಗಂಡನನ್ನಂತೂ ಹೊಸ್ತಿಲ ಆಚೆಯೇ ನಿಲ್ಲಿಸುತ್ತಿದ್ದಳು. ಹುಳು ಚೆನ್ನಾಗಿ ಮೇದು ಹಣ್ಣಾಗಿ, ಬಿದಿರು ತಟ್ಟಿಯ ಚಂದ್ರಿಕೆ ಹತ್ತಿ, ಗೂಡು ಕಟ್ಟಿದವು. ಚಂದ್ರಿಕೆ ಎತ್ತಿ ನೋಡಿದರೆ ಮೊಲ್ಲೆ ಮೊಗ್ಗು ತುಂಬಿದ ತಟ್ಟೆಯ ಹಾಗಿತ್ತು. ಮುನಿಗಂಗಮ್ಮ ಬಂದು ನೋಡಿದರು. "ಹೂಂ, ನೋಡಣ. ಮಾರ್ಕೆಟ್ಟಿಗೆ ಹೋಗಿ ಬರಲಿ" ಎಂದು ಹೊರಟುಹೋದರು. ಆ "ಹೂಂ" ಒಂದಕ್ಕೇ ಶ್ಯಾಮಲಮ್ಮ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದಳು.

ಅದೇ ವಾರ ಶಾಲೆಯಲ್ಲಿ ಒಂದು ಹುಡುಗಿ ಎದ್ದು ನಿಂತು, "ಸಾರ್, ನಮ್ಮ ತಾತ ರೇಷ್ಮಕ್ಕನ್ನ ಮನೆ ಸಮೇತ ಚೀಲಕ್ಕೆ ತುಂಬಿಕೊಂಡು ಹೋದರು. ಎಲ್ಲಿಗೆ ಸಾರ್" ಎಂದಳು. ಚೆನ್ನರಾಯಪ್ಪನ ಮೊಮ್ಮಗಳು ತನುಜ ಅದು. ಇಡೀ ತರಗತಿ ಮೇಷ್ಟ್ರನ್ನೇ ನೋಡಿತು. ಮೇಷ್ಟ್ರ ಬಾಯಿಗೆ ಸತ್ಯ ಬಂತು, ನುಂಗಿಕೊಂಡರು. ಸಾಹೇಬರು ಬರುವವರಿದ್ದಾರೆ, ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡರೆ ನಾಟಕದ ಗತಿ ಏನು?

"ಹಾಸ್ಟೆಲ್‌ಗಮ್ಮ" ಎಂದರು ಮೇಷ್ಟ್ರು. "ದೊಡ್ಡ ಹಾಸ್ಟೆಲ್. ಅಲ್ಲಿ ಓದಿ ಮುಂದಕ್ಕೆ ಬರ್ತಾರೆ."

ಮಕ್ಕಳು ಚಪ್ಪಾಳೆ ತಟ್ಟಿದವು. ಮೇಷ್ಟ್ರು ಗಂಡಾಂತರ ಕಳೆಯಿತೆಂದು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು.

ಮಾರನೇ ಬೆಳಿಗ್ಗೆ ಚೆನ್ನರಾಯಪ್ಪ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದರು. ಅವರು ಟವೆಲ್ಲನ್ನು ಕೈಗೆ ತೆಗೆದುಕೊಂಡರೆ ವಿಷಯ ಗಂಭೀರ ಎಂದು ಊರಿಗೇ ಗೊತ್ತು.

"ಮೇಷ್ಟ್ರೇ, ನನ್ ಮೊಮ್ಮಗಳಿಗೆ ಮುಂದಿನ ವರ್ಷಕ್ಕೆ ಹಾಸ್ಟೆಲ್ ಸೀಟಿಗೆ ಅಂತ ಎಷ್ಟ್ ಬಾಗಿಲು ತಿರುಗಿದೀನಿ ಗೊತ್ತಾ ನಿಮಗೆ?"

"ಸಂತೋಷ ಅಲ್ವೇ ಯಜಮಾನ್ರೇ."

"ಸಂತೋಷ ಎಲ್ಲಿ ಬಂತು. ಮಗು ಅಟ್ಟ ಹತ್ತಿ ಕೂತವಳೆ. ನೆನ್ನೆ ನಾನು ಮಾರ್ಕೆಟ್ಟಿಂದ ಬಂದೋನು, ಎಲ್ಲಿಗೆ ಹೋಯ್ತು ತಾತ ನಮ್ ಗೂಡು ಅಂದ್ಲು. ಬಿಸಿನೀರಿಗೆ ಹಾಕಿ ಬೇಯಿಸ್ತಾರೆ ಕಣಮ್ಮ, ಆಮೇಲೆ ನೂಲು ಬಿಚ್ತಾರೆ ಅಂದೆ. ನಾನೇನ್ ಸುಳ್ ಹೇಳಿದ್ನಾ? ಈಗ ನೋಡಿದ್ರೆ, ಹಾಸ್ಟೆಲ್ನಾಗೆ ಬೇಯಿಸ್ತಾರೆ, ನಾನ್ ಹೋಗಲ್ಲ ಅಂತ ಕಂಬ ತಬ್ಬಿಕೊಂಡವಳೆ. ಬನ್ನಿ, ನೀವೇ ಇಳಿಸಿ."

ಮೇಷ್ಟ್ರು ಹೋಗಿ ಅಟ್ಟದ ಕೆಳಗೆ ನಿಂತರು. "ತನುಜ, ಬೇಯಿಸೋದು ಅಂದ್ರೆ... ಹಬ್ಬದ ದಿನ ಎಣ್ಣೆ ಹಚ್ಚಿ ಬಿಸಿನೀರು ಹಾಕಲ್ವಾ, ಹಾಗೆ ಕಣಮ್ಮ" ಎಂದರು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಆಮೇಲೆ ಬಿಚ್ಚೋದು ಯಾಕೆ ಸಾರ್" ಎಂದಳು. ಚೆನ್ನರಾಯಪ್ಪ ಟವೆಲ್ಲನ್ನು ಮೇಷ್ಟ್ರ ಮುಖದ ಹತ್ತಿರ ಒಮ್ಮೆ ಝಾಡಿಸಿ ಒಳಗೆ ಹೋದರು. ಸುಳ್ಳಿಗೆ ತೇಪೆ ಹಾಕಲು ಹೊರಟವರಿಗೆ ಬಟ್ಟೆ ಎಂದೂ ಸಾಲುವುದಿಲ್ಲ.

ಸಂಜೆ ಹೊತ್ತಿಗೆ ಶಾಲೆಯ ಮಕ್ಕಳಿಗೆಲ್ಲ ಹಾಸ್ಟೆಲ್ಲಿನ ಒಳಗುಟ್ಟು ತಿಳಿದಿತ್ತು. ಅವರವರ ಮನೆಯ ಗೂಡುಗಳು ಆಗಲೇ ಮಾರಾಟವಾಗಿದ್ದವು. ಊರಿನಲ್ಲಿ ಉಳಿದಿದ್ದದ್ದು ಶ್ಯಾಮಲಮ್ಮನ ಬೆಳೆ ಒಂದೇ. ಶಿರೀಷಾ ಅಪ್ಪನ ಎದುರು ಬಂದು ನಿಂತಳು.

"ಅಪ್ಪ, ನಮ್ ರೇಷ್ಮಕ್ಕ ಹಾರ್ತಾಳೆ ಅಲ್ವಾ? ನೀವೇ ಹೇಳಿಕೊಟ್ಟಿದ್ದು."

"ಹೂಂ ಕಣಮ್ಮ."

"ಹಾಗಾದ್ರೆ ಹಾಸ್ಟೆಲ್ಲಿಗೆ ಕಳಿಸಬೇಡಿ."

ಅಷ್ಟರಲ್ಲಿ ಅಂಬರೀಶನ ಫೋನು. "ಸಾರ್, ಸಾಹೇಬರು ಶುಕ್ರವಾರ ಫಿಕ್ಸ್. ಗೂಡೆಲ್ಲ ಚಂದ್ರಿಕೆ ಮೇಲೇ ಇರಲಿ, ಜೀವಂತ ಕಲಿಕೋಪಕರಣ ಅಂತ ತೋರಿಸೋಣ. ಯಾವ ಜಿಲ್ಲೇಲೂ ಇಲ್ಲ ಸಾರ್ ಇದು."

ಶ್ಯಾಮಲಮ್ಮ ಗೂಡು ಬಿಡಿಸಲು ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಳು. ಮೇಷ್ಟ್ರು ಹೊಸ್ತಿಲ ಆಚೆ ನಿಂತು ವಿಷಯ ಹೇಳಿದರು.

"ರೀ, ಗೂಡು ನಮಗೋಸ್ಕರ ಕಾಯಲ್ಲ. ತಡ ಆದ್ರೆ ಒಳಗಿರೋದು ಚಿಟ್ಟೆ ಆಗಿ ತೂತು ಮಾಡ್ಕೊಂಡು ಬಂದ್ಬಿಡುತ್ತೆ. ತೂತು ಬಿದ್ದ ಗೂಡಿನ ನೂಲು ಪೂರ್ತಿ ತುಂಡು. ಯಾರೂ ಮುಟ್ಟಲ್ಲ."

"ಶುಕ್ರವಾರ ಸಾಯಂಕಾಲವೇ ಬಿಡಿಸ್ಬಿಡು. ನೋಡು ಶ್ಯಾಮಲ, ಸಾಹೇಬರು ನಿನ್ ಗೂಡು ಕೈಯಲ್ಲಿ ಹಿಡಿದು ನೋಡ್ತಾರೆ. ಅಮ್ಮನ ಎದುರಿಗೇ ನೋಡ್ತಾರೆ."

ಮೇಷ್ಟ್ರು ತಮ್ಮ ಜೀವಮಾನದಲ್ಲಿ ಹೆಂಡತಿಗೆ ಹೇಳಿದ ಅತ್ಯಂತ ಬುದ್ಧಿವಂತ ಮಾತು ಅದು. ಅತ್ತೆಯ ಎದುರು ಬೆಂಗಳೂರಿನ ಸಾಹೇಬರು ತನ್ನ ಗೂಡನ್ನು ಹೊಗಳುವುದು ಶ್ಯಾಮಲಮ್ಮನ ಕಣ್ಣಿಗೆ ಕಟ್ಟಿತು. ಸೊಂಟದ ಸೆರಗು ಬಿಚ್ಚಿದಳು. "ನನ್ ಮರ್ಯಾದೆ ನಿಮ್ ಕೈಲಿದೆ" ಎಂದಷ್ಟೇ ಹೇಳಿದಳು. ಅದು ಯಾರ ಕೈಯಲ್ಲಿದೆ ಎಂದು ಇನ್ನೊಮ್ಮೆ ಯೋಚಿಸಿದ್ದರೆ ಒಳ್ಳೆಯದಿತ್ತು.

ಶುಕ್ರವಾರ ಸಾಹೇಬರಿಗೆ ಸಭೆ ಬಂತು. ಶನಿವಾರ ಎಂದರು. ಶನಿವಾರ ಅವರ ಜೀಪಿಗೆ ಏನೋ ಆಯಿತು. "ಸೋಮವಾರ ಸಾರ್, ದೇವರಾಣೆ ಸೋಮವಾರ" ಎಂದ ಅಂಬರೀಶ. ಭಾನುವಾರ ಬೆಳಿಗ್ಗೆ ಶ್ಯಾಮಲಮ್ಮ ಗಂಡನನ್ನು ಕೇಳಲಿಲ್ಲ. ಚಂದ್ರಿಕೆಯ ಮೇಲಿಂದ ಒಂದು ಗೂಡು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು, ಒಳಗಿನದು ಚಿಟ್ಟೆಯಾಗಲು ಇನ್ನು ದಿನವಿಲ್ಲ ಎಂದು ತಿಳಿಯಿತು. ಅಕ್ಕಪಕ್ಕದ ಹೆಂಗಸರನ್ನು ಗೂಡು ಬಿಡಿಸಲು ಕರೆದಳು, ಮಾರುಕಟ್ಟೆಗೆ ಹೋಗುತ್ತಿದ್ದ ಟೆಂಪೋವನ್ನು ಬಾಗಿಲಿಗೇ ನಿಲ್ಲಿಸಿದಳು.

ಹೆಂಗಸರು ಬಂದು ನೋಡಿದರೆ ಹುಳು ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಬಾಗಿಲ ಮುಂದೆ ಶಾಲೆಯ ಮಕ್ಕಳೆಲ್ಲ ಸಾಲಾಗಿ ಕೂತಿದ್ದವು. ಪ್ರಾರ್ಥನೆಗೂ ಅವು ಅಷ್ಟು ಶಿಸ್ತಾಗಿ ಕೂತದ್ದನ್ನು ಮೇಷ್ಟ್ರು ಕಂಡಿರಲಿಲ್ಲ. ಒಳಗೆ ಶಿರೀಷಾ.

"ಬಾಗಿಲು ಒಡೀರಿ" ಎಂದಳು ಶ್ಯಾಮಲಮ್ಮ.

"ಬೇಡ, ಬೇಡ. ಮಗು ಬಾಗಿಲಿಗೇ ಒರಗಿಕೊಂಡಿದ್ರೆ? ಮಕ್ಕಳ ಮೇಲೆ ಬಲ ಪ್ರಯೋಗ ಮಾಡಬಾರದು ಅಂತ ತರಬೇತೀಲಿ ಹೇಳಿದಾರೆ. ನಾನ್ ಮಾತಾಡ್ತೀನಿ" ಎಂದರು ಮೇಷ್ಟ್ರು.

ಟೆಂಪೋದವನು ಹಾರನ್ ಹೊಡೆದ. ಊರು ಸೇರಿತು. ಮೇಷ್ಟ್ರು ಕಿಟಕಿಯ ಜಾಲರಿಗೆ ಬಾಯಿ ಹತ್ತಿರ ತಂದರು. ಹೇಳಬೇಕಾದದ್ದು ಇಷ್ಟೇ: ಮಗಳೇ, ಅದು ಹುಳ. ನಾವು ಅದನ್ನು ಬೇಯಿಸುತ್ತೇವೆ. ನಿನ್ನ ಲಂಗ, ನಿನ್ನ ಅನ್ನ, ಈ ಮನೆ, ಎಲ್ಲ ಅದರಿಂದಲೇ. ನಾನು ಹೇಳಿದ್ದು ಸುಳ್ಳು. ಆದರೆ ಎದುರಿಗೆ ಅಷ್ಟೊಂದು ಮಕ್ಕಳು ಕಣ್ಣು ಬಿಟ್ಟುಕೊಂಡು ಕೂತಿದ್ದವು. ಮೇಷ್ಟ್ರ ಬಾಯಿ ತೆರೆಯಿತು, ಹೊರಬಂದದ್ದು ಮೂಗಿನ ಕೀರಲು ದನಿ.

"ಶಿರೀಷಾ, ನಾನು ರೇಷ್ಮಕ್ಕ. ನನಗೆ ಹಾಸ್ಟೆಲ್ಲಿಗೆ ಹೋಗೋ ಆಸೆ ಆಗಿದೆ. ಬಾಗಿಲು ತೆಗಿಯಮ್ಮ."

ಒಳಗಿಂದ ಶಿರೀಷಾಳ ದನಿ ಬಂತು. "ರೇಷ್ಮಕ್ಕ ಇಲ್ಲೇ ನನ್ ಹತ್ರ ಇದಾಳೆ. ನೀವ್ ಯಾರು?"

ಚೆನ್ನರಾಯಪ್ಪ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರ ನಗುವಿನ ಹಿಂದೆ ಎಲ್ಲರೂ ನಕ್ಕರು. ಶ್ಯಾಮಲಮ್ಮ ಒಬ್ಬಳು ನಗಲಿಲ್ಲ. ಹರಾಜಿನ ಹೊತ್ತು ಮೀರುತ್ತದೆ ಎಂದು ಟೆಂಪೋದವನು ಗೇರು ಹಾಕಿಕೊಂಡು ಹೊರಟ. ಅವಳು ಅದರ ಹಿಂದೆ ಸ್ವಲ್ಪ ದೂರ ಬರಿಗೈಯಲ್ಲಿ ಓಡಿ, ಯಾಕೆ ಓಡುತ್ತಿದ್ದೇನೆಂದು ತನಗೇ ತಿಳಿಯದೆ ನಿಂತಳು. ಮಧ್ಯಾಹ್ನ ಹಸಿವಾಗಿ ಶಿರೀಷಾ ತಾನಾಗಿ ಚಿಲಕ ತೆಗೆದಳು. ಅಷ್ಟು ಹೊತ್ತಿಗೆ ಶಿಡ್ಲಘಟ್ಟದಲ್ಲಿ ಹರಾಜು ಮುಗಿದಿತ್ತು.

ಸೋಮವಾರ ಬೆಳಗಾಗುವಾಗ ಹುಳು ಮನೆಯಿಂದ ಸರಸರ ಸದ್ದು ಬಂತು. ಶ್ಯಾಮಲಮ್ಮ ಬಾಗಿಲು ತೆಗೆದಳು. ಚಂದ್ರಿಕೆಗಳ ಮೇಲೆಲ್ಲ ಬಿಳಿ ಚಿಟ್ಟೆಗಳು. ಒದ್ದೆಯಾಗಿ, ಗೂಡಿನ ಬಾಯಿಗೆ ಕಂದು ಕಲೆ ಮಾಡಿಕೊಂಡು, ಒಂದರ ಮೇಲೊಂದು ತೆವಳುತ್ತಿದ್ದವು. ಅವಳು ಒಂದು ಗೂಡು ಕಿತ್ತು ತೂತಿಗೆ ಬೆರಳಿಟ್ಟು ನೋಡಿದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟುಬಿಟ್ಟಿದ್ದ, ಆದರೆ ಬೆಳೆ ಹೋದ ಮೇಲೆ. ಅಂದು ಸಾಹೇಬರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅವರಿಗಿಂತ ಮೊದಲೇ ಬಂದ ಅಂಬರೀಶ ಹುಳು ಮನೆಗೆ ಇಣುಕಿ, "ಅಯ್ಯೋ ಪಾಪ" ಎಂದ. ಆಮೇಲೆ, "ಹೇಗೂ ತೂತು ಬಿದ್ದಿದೆಯಲ್ಲ ಸಾರ್, ದಾರ ಪೋಣಿಸೋಕೆ ಸುಲಭ" ಎಂದು ಒಂದು ಬುಟ್ಟಿ ಗೂಡು ಬಾಚಿಕೊಂಡು ಹೋಗಿ ಸಾಹೇಬರಿಗೆ ಭಾರಿ ಹಾರ ಮಾಡಿಸಿದ. ಮೇಷ್ಟ್ರು ತಡೆಯಲಿಲ್ಲ.

ಹಾರ ಹಾಕಿಸಿಕೊಂಡು ಸಾಹೇಬರು ಭಾಷಣ ಮಾಡಿದರು. ಹುಳದಲ್ಲೂ ಮಗುವನ್ನು ಕಾಣುವ ಶಿಕ್ಷಕನೇ ನಿಜವಾದ ಶಿಕ್ಷಕ, ಎಂದರು. ಪ್ರತಿ ಜೀವಿಯಲ್ಲೂ ಒಂದು ಮನಸ್ಸಿದೆ, ಎಂದರು. ಆ ಹೊತ್ತಿಗೆ ಹಾರದ ಒಂದು ಗೂಡಿನಿಂದ, ಎಲ್ಲಕ್ಕಿಂತ ತಡವಾಗಿ ಎಚ್ಚರವಾಗಿದ್ದ ಚಿಟ್ಟೆಯೊಂದು ತಲೆ ಹೊರಗೆ ಹಾಕಿತು, ಅವರ ಕಾಲರು ಹತ್ತಿತು. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನೋಡಿದವು. ಸಾಹೇಬರು ಕುತ್ತಿಗೆ ಮುಟ್ಟಿ ನೋಡಿಕೊಂಡರು, "ಏನ್ರೀ ಇದು ಹುಳ" ಎಂದು ಕೊಡವಿದರು. ಅದು ನೆಲಕ್ಕೆ ಬಿತ್ತು. ಬೂಟುಗಾಲಿನಿಂದ ಹೊಸಕಿಬಿಟ್ಟರು. ಮತ್ತೆ ಮೈಕು ಹಿಡಿದು, "ಪ್ರತಿ ಜೀವಿಯಲ್ಲೂ..." ಎಂದು ಬಿಟ್ಟಲ್ಲಿಂದ ಮುಂದುವರಿಸಿದರು.

ನಾಟಕ ಶುರುವಾಯಿತು. ಎರಡು ಜಡೆಯ ಶಿರೀಷಾ ಜ್ವರ ಬಂದು ಮಲಗಿದಳು, ಎದ್ದಳು, ಮನೆ ಕಟ್ಟಿದಳು, ಬೆನ್ನಿಗೆ ಕಾಗದದ ರೆಕ್ಕೆ ಕಟ್ಟಿಸಿಕೊಂಡು ಮುಂದೆ ಬಂದಳು. ಕೊನೆಯ ಮಾತು ಹೇಳಬೇಕು. ಅವಳು ಸಾಹೇಬರ ಬೂಟನ್ನೇ ನೋಡುತ್ತ ನಿಂತಳು. ಪರದೆಯ ಹಿಂದಿನಿಂದ ಮೇಷ್ಟ್ರು, "ಈಗ ನಾನು ಹಾರುತ್ತೇನೆ" ಎಂದು ಪಿಸುಗುಟ್ಟಿದರು.

"ರೇಷ್ಮಕ್ಕ ಹಾರಲ್ಲ ಸಾರ್" ಎಂದಳು ಶಿರೀಷಾ. "ನಾನ್ ಬೆಳಿಗ್ಗೆಯಿಂದ ನೋಡ್ತಿದೀನಿ. ಹಾರಲ್ಲ."

ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಂಥ ಸಹಜ ಅಭಿನಯ, ಎಂದರು. ಮೇಷ್ಟ್ರಿಗೆ ಶಾಲು ಹೊದಿಸಿದರು. ಹೊರಡುವಾಗ, "ಮುಂದಿನ ವರ್ಷಕ್ಕೆ ಕೋಳಿ ತಗೊಳ್ಳಿ ಮೇಷ್ಟ್ರೇ" ಎಂದು ಸಲಹೆಯನ್ನೂ ಕೊಟ್ಟು, ಅಂಬರೀಶನ ಏರ್ಪಾಡಿನ ನಾಟಿ ಕೋಳಿ ಸಾರಿನ ಕಡೆಗೆ ನಡೆದರು. ಆ ಸಲಹೆ ಕಿವಿಗೆ ಬಿದ್ದ ಹೆಂಗಸರು ಅಲ್ಲಿಂದಲೇ ಮಕ್ಕಳ ಕೈ ಹಿಡಿದು ಎಳೆದುಕೊಂಡು ಮನೆಗೆ ಹೋದರು.

ಮೇಷ್ಟ್ರು ಶಾಲು ಹೊದ್ದುಕೊಂಡೇ ಮನೆಗೆ ಬಂದರು. ತೆಗೆಯಬೇಕೆಂದು ತೋಚಿರಲಿಲ್ಲ. ಹುಳು ಮನೆಯಲ್ಲಿ ಶ್ಯಾಮಲಮ್ಮ ಚಿಟ್ಟೆಗಳನ್ನು ಗುಡಿಸಿ ಮೊರಕ್ಕೆ ತುಂಬುತ್ತಿದ್ದಳು. ಶಿರೀಷಾ ರೆಕ್ಕೆ ಬಿಚ್ಚದೆ ಮೂಲೆಯಲ್ಲಿ ಕೂತು, ಒಂದು ಚಿಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಎಳೆಯ ಹಿಪ್ಪುನೇರಳೆ ಎಲೆ ತಿನ್ನಿಸಲು ನೋಡುತ್ತಿದ್ದಳು. ಮೇಷ್ಟ್ರು ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದರು. ಹೆಂಡತಿ ಬೇಡವೆನ್ನಲಿಲ್ಲ.

"ಅಪ್ಪ, ಇದಕ್ಕೆ ತಿನ್ನೋಕೆ ಬಾಯೇ ಇಲ್ಲ" ಎಂದಳು ಶಿರೀಷಾ.

ಮೇಷ್ಟ್ರು ಬಗ್ಗಿ ನೋಡಿದರು. ಮಗು ಹೇಳಿದ್ದು ನಿಜ ಅನ್ನಿಸಿತು. ಊರು ತುಂಬ ಮಾತಾಡಿದ್ದ, ಜಿಲ್ಲೆ ಗೆದ್ದಿದ್ದ ರೇಷ್ಮಕ್ಕನಿಗೆ ಬಾಯಿ ಇದ್ದ ಹಾಗೆ ಕಾಣಲಿಲ್ಲ.

"ಮತ್ತೆ ಇಷ್ಟು ದಿನ ಮಾತಾಡಿದ್ದು ಯಾರಪ್ಪ?"

"ನಾನೇ ಕಣಮ್ಮ" ಎಂದರು ಮೇಷ್ಟ್ರು. ಮೂಗಿನ ದನಿ ಹೋಗಿ ಅವರದೇ ದನಿ ಬಂದಿತ್ತು.

ಮುನಿಗಂಗಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಒಂದು ಚಂದ್ರಿಕೆಯ ಮುಂದೆ ಕೂತು ಗೂಡುಗಳನ್ನು ಒಂದೊಂದಾಗಿ ಕಿತ್ತು, ತೂತಿನಲ್ಲಿ ಇಣುಕಿ, ಅಲ್ಲಾಡಿಸಿ, ಪಕ್ಕಕ್ಕಿಟ್ಟರು. ಆ ಚಂದ್ರಿಕೆ ಮುಗಿಸಿ ಇನ್ನೊಂದಕ್ಕೆ ಹೋದರು. ಬಹಳ ಹೊತ್ತು ಹಾಗೇ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

"ಶ್ಯಾಮಲ, ಒಂದೂ ಒಳಗೆ ಸತ್ತಿಲ್ಲ ಕಣೇ. ರೋಗ ಇಲ್ಲ, ಸಪ್ಪೆ ಇಲ್ಲ, ಕಟ್ಟಿದ್ದೆಲ್ಲ ಆಚೆ ಬಂದವೆ. ನನ್ ಕೈಲಿ ಇಂಥ ಬೆಳೆ ಒಂದ್ ಸಲಾನೂ ಆಗ್ಲಿಲ್ಲ. ನಮ್ಮತ್ತೆ ಕೈಲೂ ಆಗ್ಲಿಲ್ಲ. ನಿನ್ ಕೈಗುಣ ಬಂಗಾರ ಕಣಮ್ಮ."

ಆ ಮಾತಿಗಾಗಿ ಎಷ್ಟೋ ಕಾಲದಿಂದ ಕಾದಿದ್ದ ಶ್ಯಾಮಲಮ್ಮ ತಲೆ ಎತ್ತಲಿಲ್ಲ. ಮೊರ ತುಂಬಿತ್ತು.

"ಮುಂದಿನ ಬೆಳೆಗೆ ಹುಳ ಯಾವಾಗ ತರಣಮ್ಮ" ಎಂದರು ಅತ್ತೆ, ಮೆಲ್ಲಗೆ.

"ನೀವೇ ತಂದ್ಕೊಳ್ಳಿ ಅತ್ತೆ. ನಾನ್ ಇನ್ನ ಮುಟ್ಟಲ್ಲ."

ಹೊರಗೆ ತಿಪ್ಪೆಯ ಕಡೆ ಮೊರ ಹಿಡಿದು ಹೊರಟಳು. ಮೇಷ್ಟ್ರು ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತರು. ಅವಳು ಹಾದು ಹೋಗುವಾಗ ಒಂದು ಚಿಟ್ಟೆ ಮೊರದಿಂದ ತೆವಳಿ ಬಂದು ಅವರ ಶಾಲಿಗೆ ಅಂಟಿಕೊಂಡಿತು. ಮೇಷ್ಟ್ರು ಅದನ್ನು ಕೊಡವಲಿಲ್ಲ. ಅದು ಅಲ್ಲಿಯೇ ರೆಕ್ಕೆ ಬಡಿಯುತ್ತಿತ್ತು.